ಒದೆಯುವವನ ಟೊಂಕ

೨೦ ಆಗಸ್ಟ್ ೧೯೫೬, ಸೋಮವಾರ. ಸುರಪುರ

ದೇವರ ಸಾಕ್ಷಿಯಾಗಿ, ಮಸಿಕುಡಿಕೆಯ ಸಾಕ್ಷಿಯಾಗಿ, ಯಾರ ಬಲವಂತವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ ಬರೆದಿಡುವ ತಪ್ಪೊಪ್ಪಿಗೆ ಏನೆಂದರೆ: ಅಮರಪ್ಪನ ಮಗ ದೇವಿಂದ್ರಪ್ಪನಾದ ನಾನು, ಹೈದರಾಬಾದಿನಲ್ಲಿ ಬಿ.ಎ. ಓದಿದವನು, ಇಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಉರ್ದು ಕಾಗದಗಳನ್ನು ಕನ್ನಡಕ್ಕೆ ತಿರುಗಿಸುವ ಗುಮಾಸ್ತ, ಇಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಎದ್ದ ಹೊತ್ತು ನೋಡಿ ಅವರ ಕುರ್ಚಿಯ ಹತ್ತಿಯ ಗಾದಿಯನ್ನು ಕದ್ದೆ. ಕೋಟಿನೊಳಗೆ ಹೊಟ್ಟೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಕಂಡವರೆಲ್ಲ ನನ್ನ ಹೊಟ್ಟೆ ನೋಡಿ ರೇಣಮ್ಮನ ಕೈಯಡುಗೆಯನ್ನು ಹೊಗಳಿದರು. ಕಳ್ಳನ ಹೆಂಡತಿಗೆ ಇಷ್ಟು ಕೀರ್ತಿ ಹಿಂದೆ ಯಾವ ಕಳುವಿನಲ್ಲೂ ಬಂದಿರಲಾರದು.

ಕದಿಯಲು ಕಾರಣ ಟೊಂಕ. ಐದು ವರ್ಷಗಳಿಂದ ನನ್ನ ಬೆರಳ ಗೆಣ್ಣುಗಳಲ್ಲಿ ಸಂಧಿವಾತ ಸಂಸಾರ ಹೂಡಿದೆ. ಇಷ್ಟು ಕಾಲ ಬಲದಿಂದ ಎಡಕ್ಕೆ ಬರೆದ ಬೆರಳುಗಳಿಗೆ ಈಗ ಎಡದಿಂದ ಬಲಕ್ಕೆ ಬರೆ ಎಂದು ಸರಕಾರ ಹೇಳಿತಲ್ಲ, ಅವು ಮುನಿಸಿಕೊಂಡು ಗಂಟು ಹಾಕಿಕೊಂಡಿವೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಮುಂಗಾರಿನಿಂದ ನೋವು ಟೊಂಕಕ್ಕೂ ಇಳಿದಿದೆ. ಬೆಳಿಗ್ಗೆ ಎದ್ದರೆ ಬಿಸಿಲು ಮಾಳಿಗೆ ಹತ್ತುವವರೆಗೆ ನಾನು ಮನುಷ್ಯನಲ್ಲ, ಕಟ್ಟಿಗೆಯ ತೊಲೆ. ರೇಣಮ್ಮ ತೊಲೆಯನ್ನು ಎತ್ತಿ ಕೂರಿಸಿ, ಕೋಟಿನ ಗುಂಡಿ ಹಾಕಿ ಕಳಿಸುತ್ತಾಳೆ.

ಬೇರೆ ಯಾರ ಟೊಂಕ ಹಿಡಿದರೂ ಅವರು ಓಣಿಯಲ್ಲಿ ಹೇಳಿಕೊಂಡು ತಿರುಗಬಹುದು. ನನಗೆ ಆ ಭಾಗ್ಯವಿಲ್ಲ. ಏಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವನ ಕಾಲಿನಿಂದ ಒದೆಸಿಕೊಂಡರೆ ಹಿಡಿದ ಟೊಂಕ ಬಿಡುತ್ತದೆ ಎಂದು ನಮ್ಮ ಸೀಮೆಯ ನಂಬಿಕೆ. ಪ್ರತಿ ಆದಿತ್ಯವಾರ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಜನ ಬೋರಲು ಮಲಗುತ್ತಾರೆ. ನಾನು ಎಡಗಾಲಿನಿಂದ ಮೂರು ಸಲ ಒದೆಯುತ್ತೇನೆ. ಅವರು ನಮಸ್ಕಾರ ಮಾಡಿ, ಎಲೆ ಅಡಿಕೆ ಇಟ್ಟು ಹೋಗುತ್ತಾರೆ. ಜಗತ್ತಿನಲ್ಲಿ ಒದ್ದವನಿಗೆ ದಕ್ಷಿಣೆ ಸಿಗುವುದು ಇದೊಂದೇ ಉದ್ಯೋಗದಲ್ಲಿ. ಒದೆಯುವವನ ಟೊಂಕವೇ ಹಿಡಿದಿದೆ ಎಂದು ಗೊತ್ತಾದರೆ ಕಟ್ಟೆಯ ಗತಿ ಏನು? ಬೋಳುತಲೆಯವನು ಕೂದಲೆಣ್ಣೆ ಮಾರಿದಂತೆ.

ಗಾದಿ ಬಹಳ ಮೆತ್ತಗಿದೆ.

೨೬ ಆಗಸ್ಟ್, ಆದಿತ್ಯವಾರ

ಇಂದು ಕಟ್ಟೆಯ ಮೇಲೆ ಜಾತ್ರೆಯಷ್ಟು ಬೆನ್ನುಗಳು. ಬಿತ್ತನೆ ಮುಗಿದು ಕಳೆ ಕೀಳುವ ಕಾಲ. ಹೊಲದವರ ಟೊಂಕ ಹಿಡಿದರೆ ನನ್ನ ಕಾಲಿಗೆ ಸುಗ್ಗಿ. ಕಾಲಾಯ ತಸ್ಮೈ ನಮಃ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಂಟಿಗಾಲಲ್ಲಿ ನಿಲ್ಲುವಾಗ ಗೋಡೆ ಹಿಡಿಯಬೇಕಾಗುತ್ತಿದೆ. ಗೋಡೆ ಹಿಡಿದರೆ ಜನರಿಗೆ ಅನುಮಾನ. ಆದ್ದರಿಂದ ಇಂದಿನಿಂದ ಹೊಸ ಪದ್ಧತಿ ತಂದೆ. ಗೋಡೆಗೆ ಕೈಯಿಟ್ಟು ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳುವಂತೆ ತುಟಿ ಅಲ್ಲಾಡಿಸಿದೆ. ಹೇಳಿದ್ದು ಕಾಲೇಜಿನಲ್ಲಿ ಕಲಿತ ಬೀಜಗಣಿತದ ಸೂತ್ರ. ಇವತ್ತಿನ ಒದಿಕಿ ಬಲು ಜೋರಿತ್ತು ಎಂದು ಎಲ್ಲರೂ ತೃಪ್ತಿಪಟ್ಟರು.

ಚಪ್ಪಲಿ ಹೊಲಿಯುವ ನಮ್ಮ ಊರಿನವನ ಕೈ ಕೆಟ್ಟಿದೆ. ಎಡಗಾಲಿನ ಚಪ್ಪಲಿ ಪೇಟೆಯಲ್ಲಿ ಎಲ್ಲೋ ಕಳಚಿ ಬಿದ್ದಿದೆ, ನನಗೆ ತಿಳಿಯಲೇ ಇಲ್ಲ. ಮನೆಗೆ ಬಂದಾಗ ರೇಣಮ್ಮ ನನ್ನ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು, ಚಪ್ಪಲಿ ಹುಡುಕಲು ಹೋದಳು. ಬಾರು ಬಿಗಿ ಮಾಡಿಸಿ ತಂದಳು. ಬಾರು ಮೊದಲೂ ಬಿಗಿಯೇ ಇತ್ತಂತೆ. ಹೊಲಿಯುವವರು ಎಂದಾದರೂ ತಪ್ಪು ಒಪ್ಪಿಕೊಂಡಾರೆಯೇ?

೩ ಸೆಪ್ಟೆಂಬರ್

ಗಾದಿಯ ತನಿಖೆ ಮುಕ್ತಾಯವಾಯಿತು. ಸಾಹೇಬರು ಎರಡು ವಾರ ಕುರ್ಚಿಯ ಬೆತ್ತದ ಮೇಲೆ ಕುಳಿತು ಕೋಪಿಷ್ಠರಾಗಿದ್ದರು. ಕೊನೆಗೆ ಚಪರಾಸಿ ಸರದಾರಸಾಬ ಮುಂದೆ ಬಂದು ಇಲಿಗಳು ಒಯ್ದಿರಬೇಕೆಂದು ಗಂಭೀರವಾಗಿ ನಿವೇದಿಸಿದ. ಅಷ್ಟು ದೊಡ್ಡ ಗಾದಿಯನ್ನೇ ಎಂದು ಸಾಹೇಬರು ಕೇಳಿದರೆ, ನಿಜಾಮರ ಕಾಲದ ಇಲಿಗಳು, ಉಂಡು ಬೆಳೆದವು ಎಂದ. ಫೈಲು ಮುಚ್ಚಿತು.

ಸಂಜೆ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದ: "ಗುಮಾಸ್ತರ, ಇಲಿಗಿ ಟೊಂಕ ಹಿಡದದಂತ ನನಗ ಗೊತ್ತದರಿ. ಆದ್ರ ಇಲಿ ಎಡಗಾಲು ಎಳಕೊಂಡು ನಡಿಲಿಕತ್ತದ. ಅದು ಛಲೋ ಅಲ್ರಿ."

ಇವನಿಗೆ ಕಾಗದ ಜೋಡಿಸುವ ಕೆಲಸವಿಲ್ಲವೆ, ನನ್ನ ಕಾಲು ನೋಡುತ್ತ ಕೂತಿದ್ದಾನೆ. ನಾನು ಎಳೆಯುವುದಿಲ್ಲ. ಸಾವಕಾಶವಾಗಿ ಇಡುತ್ತೇನೆ.

೧೬ ಸೆಪ್ಟೆಂಬರ್, ಆದಿತ್ಯವಾರ

ಇತಿಹಾಸದಲ್ಲಿ ಬರೆದಿಡಬೇಕಾದ ದಿನ. ಬರೆಯುವವನ ಮೊಣಕೈ ಸುಲಿದಿದೆ, ಆದ್ದರಿಂದ ಇತಿಹಾಸ ಸ್ವಲ್ಪ ಸೊಟ್ಟಗಾಗುತ್ತದೆ.

ಕೆಂಭಾವಿ ಕಡೆಯ ಕುರಿ ಸಾಕುವ ಗುರಪ್ಪ ಬಂದಿದ್ದ. ಟಗರು ಎತ್ತಲು ಹೋಗಿ ಟೊಂಕ ಹಿಡಿದಿದೆ. ಟಗರಿಗೆ ಏನೂ ಆಗಿಲ್ಲ. ಆಳು ಎಂದರೆ ಆನೆಯ ಮರಿ, ಬೋರಲು ಮಲಗಿದರೆ ಕಟ್ಟೆಯೇ ತುಂಬಿತು. ಸುತ್ತ ಜನ. ನಾನು ಗೋಡೆಗೆ ಕೈಯಿಟ್ಟೆ, ಬೀಜಗಣಿತ ಜಪಿಸಿದೆ, ಎಡಗಾಲು ಎತ್ತಿದೆ.

ಕಾಲು ಎದ್ದಿತು. ಪಾದ ಏಳಲಿಲ್ಲ. ತೊಯ್ದ ಚೀಲದ ಹಾಗೆ ತುದಿಯಲ್ಲಿ ಜೋತುಬಿತ್ತು. ಅದನ್ನು ನಾನು ಆಶ್ಚರ್ಯದಿಂದ ನೋಡುತ್ತಿದ್ದಾಗಲೇ ಟೊಂಕದಲ್ಲಿ ಒಂದು ಚಳಕು ಹೊಡೆದು, ಬಲಗಾಲೂ ಕೈಕೊಟ್ಟು, ನಾನು ಅಡ್ಡಡ್ಡ ಗುರಪ್ಪನ ಬೆನ್ನಿನ ಮೇಲೆ ಬಿದ್ದೆ. ಅವನು ಹೋ ಎಂದು ಎದ್ದ. ನಾನು ಅವನ ಬೆನ್ನಿನಿಂದ ಜಾರಿ ಕಟ್ಟೆಯ ಕೆಳಗೆ ಹೋದೆ.

ಗುರಪ್ಪ ಅತ್ತ ಬಗ್ಗಿದ, ಇತ್ತ ಬಗ್ಗಿದ, ಕೈ ಮುಗಿದ. "ಬಿಟ್ತರಿಯಪ್ಪ ಟೊಂಕ. ಒದಿಯೋದು ಕೇಳಿದ್ದೆ, ಹಿಂಗ ಮೈಮ್ಯಾಲ ಬೀಳೋದು ಕೇಳಿದ್ದಿಲ್ಲ. ಇದು ದೊಡ್ಡ ಮದ್ದು ಅದ."

ಸಾಲಿನಲ್ಲಿದ್ದ ಉಳಿದವರು ತಮ್ಮ ಮೇಲೂ ಹಾಗೆಯೇ ಬೀಳಬೇಕೆಂದು ಹಟ ಹಿಡಿದರು. ಒಬ್ಬ ಮುದುಕ, ನನಗೆ ಬರೀ ಒದಿಕಿ ಸಾಕು, ಬೀಳುವಷ್ಟು ರೋಗವಿಲ್ಲ ಎಂದು ರಿಯಾಯಿತಿ ಕೊಟ್ಟ. ನಾನು ನೆಲದ ಮೇಲೆ ಕುಳಿತು, ಇಂದಿನ ಶಕ್ತಿಯೆಲ್ಲ ಖರ್ಚಾಯಿತು ಎಂದು ಘೋಷಿಸಿದೆ. ಅದು ನಿಜವಾಗಿತ್ತು. ಏಳಲು ಆಗುತ್ತಿರಲಿಲ್ಲ.

ಜನ ಚದುರಿದ ಮೇಲೆ ರೇಣಮ್ಮ ಬಂದು ಕಂಕುಳಿಗೆ ಕೈಹಾಕಿ ಎತ್ತಿದಳು. ಒಳಗೆ ಕೂರಿಸಿ ನನ್ನ ಎಡಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗಾಲಲ್ಲಿ ಜಾಲಿಮುಳ್ಳು ಮುರಿದಿತ್ತಂತೆ. ಯಾವಾಗಿನದೋ, ಸುತ್ತ ಕೀವಾಗಿತ್ತು. ತೆಗೆಯುವಾಗ ನಾನು ಗುರಪ್ಪನ ಕಥೆ ಹೇಳಿ ನಗುತ್ತಲೇ ಇದ್ದೆ. ಅವಳು ನಗಲಿಲ್ಲ.

"ನಾಳಿ ಯಾದಗಿರಿಗಿ ಹೋಗೂನು," ಎಂದಳು. "ಡಾಕ್ಟರಂತೇಲಿ."

ಕಚೇರಿ ಇದೆ ಎಂದೆ. ಜನ ಏನೆಂದಾರು ಎಂದೆ. ಮುಂದಿನ ತಿಂಗಳು ನೋಡೋಣ ಎಂದೆ.

"ಮುಳ್ಳು ತಗದೆ ನಾನು. ನೀವು ಕತಿ ಹೇಳಕೊಂತ ಕುಂತ್ರಿ. ಇನ್ನೇನು ನೋಡಬೇಕ್ರಿ?"

೧೭ ಸೆಪ್ಟೆಂಬರ್

ಹೋಗಲಿಲ್ಲ. ನೋವಿದೆ.

೨೧ ಸೆಪ್ಟೆಂಬರ್, ಶುಕ್ರವಾರ. ಯಾದಗಿರಿ

ಬಸ್ಸಿನಲ್ಲಿ ರೇಣಮ್ಮ ಒಂದು ಗಂಟು ತಂದಿದ್ದಳು. ಸೀಟಿನ ಮೇಲೆ ಬಿಚ್ಚಿದರೆ ಸಾಹೇಬರ ಗಾದಿ. ಕದ್ದ ಮಾಲಿನ ಮೇಲೆ ಕುಳಿತು, ಸರಕಾರಿ ರಸ್ತೆಯಲ್ಲಿ, ಹಾಡುಹಗಲು ಪ್ರಯಾಣ. ಶಹಾಪುರದ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತದೆ. ಅದಕ್ಕೂ ಟೊಂಕವೇ ಇರಬೇಕು. ಎಷ್ಟು ಯುಗಗಳಿಂದ ಎದ್ದಿಲ್ಲ, ಪಾಪ.

ಡಾಕ್ಟರ್ ನಸೀರುದ್ದೀನ ಹೈದರಾಬಾದಿನಲ್ಲಿ ಕಲಿತು ಬಂದವರು, ಸಣ್ಣ ವಯಸ್ಸು, ದಪ್ಪ ಕನ್ನಡಕ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಕಾಲನ್ನು ನೆಟ್ಟಗೆ ಎತ್ತಿ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಳ್ಳಿ, ಅಂಗಾಲಿನ ಮೇಲೆ ಕಸಬರಿಗೆಯ ಕಡ್ಡಿ ಆಡಿಸುತ್ತೇನೆ, ಗೊತ್ತಾದ ಕೂಡಲೆ ಹೇಳಿ ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಬಹಳ ಹೊತ್ತು ಕಾದು, ಶುರು ಮಾಡ್ರಿ ಸಾಹೇಬರ ಎಂದೆ.

"ಮುಗೀತ್ರಿ," ಎಂದರು.

ಕಣ್ಣು ತೆರೆದಾಗ ರೇಣಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ರೋಗ ಬೆರಳಿನದೇ, ಬೇರೆಯದಲ್ಲ ಎಂದರು ಡಾಕ್ಟರು. ಸಾಮಾನ್ಯವಾಗಿ ಅದು ಕೈಕಾಲಿನ ಸಣ್ಣ ಕೀಲುಗಳನ್ನು, ಕೆಲವರಲ್ಲಿ ಕುತ್ತಿಗೆಯನ್ನು ಹಿಡಿಯುತ್ತದೆ. ಟೊಂಕಕ್ಕೆ ಇಳಿಯುವುದು ಅಪರೂಪ. ಅಪರೂಪವಾದ್ದರಿಂದಲೇ ಎಲ್ಲರೂ ಅದನ್ನು ಭಾರ ಎತ್ತಿದ ನೋವು, ವಯಸ್ಸಿನ ನೋವು ಎಂದುಕೊಂಡು ಸುಮ್ಮನಿರುತ್ತಾರೆ. ಬೆನ್ನೆಲುಬಿನ ಒಂದೊಂದು ಮಣಿಯ ಹಿಂದೆಯೂ ಬಾಗಿಲಿನ ಕೀಲುಗಳ ಹಾಗೆ ಎರಡೆರಡು ಸಣ್ಣ ಕೀಲುಗಳಿವೆ. ಕೀಲಿನ ಒಳಪೊರೆ ಬಾತು, ಎಲುಬನ್ನು ಮೆಲ್ಲಗೆ ತಿನ್ನುತ್ತದೆ. ಕೀಲು ಸಡಿಲವಾದರೆ ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ನಡುವೆ ಕಾಲಿಗೆ ಇಳಿಯುವ ನರವಿದೆ, ಅದು ಸಿಕ್ಕಿ ನಲುಗುತ್ತದೆ. ಪಾದ ಏಳದಿರುವುದು, ಮುಳ್ಳು ತಿಳಿಯದಿರುವುದು ಅದಕ್ಕೇ.

ನಾನು ಸುಮ್ಮನಿರುವ ಜಾತಿಯಲ್ಲ. ಕನ್ನಡದಲ್ಲಿ ಲೋಪಸಂಧಿ, ಆಗಮಸಂಧಿ, ಆದೇಶಸಂಧಿ ಎಂದು ಮೂರಿವೆ, ನನ್ನದು ಲೋಪಸಂಧಿ ಎಂದೆ. ಮೇಲಿನ ಮಣಿ ಗಡಿ ದಾಟಿದ್ದು ಪ್ರಾಂತಗಳ ಪುನರ್ವಿಂಗಡಣೆಯ ಸುದ್ದಿ ಕೇಳಿಯೇ ಇರಬೇಕು ಎಂದೂ ಹೇಳಿದೆ. ಡಾಕ್ಟರು ನಕ್ಕರು. ನಕ್ಕು ಮುಗಿಸಿ ಕನ್ನಡಕ ತೆಗೆದು ಹೇಳಿದರು: "ನೋಡ್ರಿ, ಹಿಂಗಽ ಬಿಟ್ರ ಈ ಕಾಲು ಹೋಗತದ. ಉಚ್ಚಿ ನಿಂತ್ರ, ಇಲ್ಲಾ ತಿಳಿಲಾರದಂಗ ಹೋದ್ರ, ಅದೇ ಗಳಿಗಿಗಿ ಗಾಡಿ ಕಟ್ಟಿಸಿಕೊಂಡು ಬರಬೇಕು. ಇನ್ನ ಮ್ಯಾಲ ಒದಿಯೋದೂ ಬ್ಯಾಡ, ಒದಿಸಿಕೊಳ್ಳೋದೂ ಬ್ಯಾಡ."

ಗುಲಬರ್ಗಾಕ್ಕೆ ಹೋಗಿ ಬೆನ್ನಿನ ಫೋಟೋ ತೆಗೆಸಿ ತರಬೇಕು. ಆಮೇಲೆ ಸುಣ್ಣದ ಪಟ್ಟಿಯ ಕವಚ ಹಾಕುತ್ತಾರಂತೆ. ಊಟದ ಜೊತೆ ಆಸ್ಪಿರಿನ್ನು.

ಹೊರಡುವಾಗ ಡಾಕ್ಟರು ನನ್ನನ್ನು ಬಾಗಿಲ ಬಳಿ ತಡೆದರು. ರೇಣಮ್ಮ ಮುಂದೆ ಹೋದದ್ದು ಖಾತ್ರಿ ಮಾಡಿಕೊಂಡು, ಬಗ್ಗಿ ಬಗ್ಗಿ ರೋಗಿಗಳನ್ನು ನೋಡಿ ತಮ್ಮ ಟೊಂಕವೂ ಹಿಡಿದಿದೆ, ನನ್ನ ಕಾಲಿನಿಂದ ನಿಜವಾಗಿಯೂ ಬಿಡುತ್ತದೆಯೇ ಎಂದು ಪಿಸುಗುಟ್ಟಿದರು. ವಿಜ್ಞಾನದ ಮಾನ ಕಾಪಾಡಲು ನಾನು ಉತ್ತರ ಕೊಡಲಿಲ್ಲ.

ಬಸ್‌ನಿಲ್ದಾಣಕ್ಕೆ ನಡೆಯುವಾಗ ರೇಣಮ್ಮ ನನಗಿಂತ ಹಿಂದೆ ಉಳಿಯುತ್ತಿದ್ದಳು. ಹೆಂಗಸರ ನಡಿಗೆ ನಿಧಾನ.

೫ ಅಕ್ಟೋಬರ್, ಶುಕ್ರವಾರ

ಎದೆಯ ಕೆಳಗಿನಿಂದ ಕುಂಡೆಯವರೆಗೆ ಸುಣ್ಣದ ಗೋಡೆ. ಫೋಟೋದಲ್ಲಿ ಡಾಕ್ಟರು ಹೇಳಿದಂತೆಯೇ ಇತ್ತು. ಒಂದು ಮಣಿ ಮುಂದಕ್ಕೆ ಜಾರಿದೆ, ಕೀಲಿನ ಅಂಚು ಇಲಿ ಕಡಿದ ರೊಟ್ಟಿಯಂತಿದೆ. ನಾಡಿಗಾಗಿ ಟೊಂಕ ಕಟ್ಟಿ ನಿಂತವರು ಬಹಳ ಜನ ಇದ್ದಾರೆ. ಟೊಂಕ ಕಟ್ಟಿಸಿಕೊಂಡು ಮಲಗಿದವನು ನಾನೊಬ್ಬನೇ.

ನಕ್ಕರೆ ಹೊಟ್ಟೆಗೆ ಜಾಗವಿಲ್ಲ. ರೇಣಮ್ಮನಿಗೆ ಹೇಳಿದೆ, ನಗಿಸಬೇಡ ಎಂದು. ಅವಳು ಯಾವಾಗ ನಗಿಸಿದ್ದಾಳೆ, ಮಾತಾಡುವವನು ನಾನೇ.

೧೪ ಅಕ್ಟೋಬರ್, ಆದಿತ್ಯವಾರ

ಕಟ್ಟೆಗೆ ಇಂದೂ ಜನ ಬಂದಿದ್ದರು. ನಾನು ಒಳಗೆ ಮಲಗಿ ಕೇಳುತ್ತಿದ್ದೆ. ಯಜಮಾನರು ವ್ರತ ಹಿಡಿದಿದ್ದಾರೆ, ದೀಪಾವಳಿ ಕಳೆಯುವವರೆಗೆ ಯಾರನ್ನೂ ಒದೆಯುವುದಿಲ್ಲ ಎಂದು ರೇಣಮ್ಮ ಶಾಂತವಾಗಿ ಸುಳ್ಳು ಹೇಳುತ್ತಿದ್ದಳು. ಹಿಂಸೆ ಬಿಟ್ಟ ನನ್ನ ಮಹಿಮೆಗೆ ಜನ ಹೊರಗಿನಿಂದಲೇ ಕೈ ಮುಗಿದು ಹೋದರು.

ಆಮೇಲೆ ಅವಳು ಜೋಳ ಹಸನು ಮಾಡುತ್ತ ಕುಳಿತಳು. ನಾನು ಬೇಸರಕ್ಕೆ ಒಂದು ಮಾತು ಎಸೆದೆ. ಊರಿಗೆಲ್ಲ ನಾನು ಒದ್ದೆ, ನನಗೆ ಒದೆಯಲು ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬ ಈ ಸೀಮೆಯಲ್ಲಿ ಇಲ್ಲ, ಎಂಥ ಅನ್ಯಾಯ ಎಂದೆ.

ಮೊರ ನಿಂತಿತು. "ಅದಾರ," ಎಂದಳು.

ಯಾರು ಎಂದೆ.

"ನಾನಽ. ನಮ್ಮವ್ವ ಯಾರಿಗೂ ಹೇಳಬ್ಯಾಡ ಅಂದಿದ್ದಳು. ಕಾಲು ಮುಂದ ಮಾಡಿ ಹುಟ್ಟಿದ ಹೆಣ್ಣು ಅತ್ತಿಮನಿ ಬಾಗಿಲಾ ಒದಕೊಂತ ಬರತಾಳ ಅಂತಾರಲ್ರಿ. ಹಂಗಂದ್ರ ನನ್ನ ಯಾರು ಮಾಡಿಕೊಂತಿದ್ರು?"

ಕವಚದೊಳಗೆ ನಾನು ಎಷ್ಟು ನಕ್ಕೆನೆಂದರೆ ಸುಣ್ಣ ಬಿರಿಯುವುದೊಂದು ಬಾಕಿ. ಮದುವೆಯಾದಾಗಿನಿಂದ ಒಂದೇ ಚಾಪೆಯ ಮೇಲೆ ನಾಲ್ಕು ಪುಣ್ಯಪಾದಗಳು! ಮನೆಯಲ್ಲಿಯೇ ಗಂಗೆ, ನಾನು ಊರಿಗೆ ಬಿಂದಿಗೆ ಹೊತ್ತಿದ್ದೆ. ಹಾಗಾದರೆ ಒಂದು ಸಲ ಒದೆ ಎಂದೆ. ಗಂಡನಿಗೆ ಕಾಲು ತಾಗಿಸಿದರೆ ಪಾಪ ಹತ್ತುತ್ತದೆ, ಡಾಕ್ಟರೂ ಬೇಡ ಎಂದಿದ್ದಾರೆ ಎಂದಳು. ಪಾಪಕ್ಕೂ ಪ್ಲಾಸ್ಟರಿಗೂ ಒಂದೇ ವಾಕ್ಯದಲ್ಲಿ ಜಾಗ ಮಾಡಿದ ಅವಳ ವ್ಯಾಕರಣವನ್ನು ಮೆಚ್ಚಿದೆ.

೨೨ ಅಕ್ಟೋಬರ್

ಇವತ್ತು ತಮಾಷೆ ಏನೂ ಹೊಳೆಯಲಿಲ್ಲ. ಪಾದ ಹಾಗೆಯೇ ಇದೆ. ಸಂಜೆ ರೇಣಮ್ಮ ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕುತ್ತಿರುವುದು ಕಣ್ಣಿಗೆ ಕಂಡಿತು.

೧ ನವೆಂಬರ್, ಗುರುವಾರ

ಮಲಗಿದವನು ಬೆಳಿಗ್ಗೆ ಎದ್ದರೆ ಬೇರೆ ರಾಜ್ಯದಲ್ಲಿದ್ದೆ. ಒಂದು ಹೆಜ್ಜೆಯನ್ನೂ ಇಡದೆ ಹೈದರಾಬಾದಿನಿಂದ ಮೈಸೂರಿಗೆ ಹೋದ ಕುಂಟ ನಾನು. ಕಚೇರಿಯ ಮುಂದೆ ಬಾವುಟ, ಪೇಡೆ, ಭಾಷಣ. ಸರದಾರಸಾಬ ಪೇಡೆ ತಂದುಕೊಟ್ಟ. ಎಲ್ಲ ಕಪಾಟುಗಳನ್ನೂ ಅವನೇ ಜರುಗಿಸಿದನಂತೆ, ಈಗ ಅವನ ಟೊಂಕವೂ ಹಿಡಿದಿದೆ. ಏಕೀಕರಣ ಎಲ್ಲರನ್ನೂ ಒಂದುಮಾಡಿತು.

೧೮ ನವೆಂಬರ್, ಆದಿತ್ಯವಾರ

ಇರುವೆ ಕಚ್ಚಿತು. ಎಡಪಾದಕ್ಕೆ. ಕೆಂಪಿರುವೆ. ಕಿರುಬೆರಳ ಬುಡದಲ್ಲಿ.

ಮೊನ್ನೆ ಶುಕ್ರವಾರ ಯಾದಗಿರಿಯಲ್ಲಿ ಕವಚ ಕತ್ತರಿಸಿದರು. ನಾನು ಸುಲಿದ ಶೇಂಗಾದ ಹಾಗೆ ಹೊರಬಂದೆ. ಪಾದ ತುಸು ಮೇಲೇಳುತ್ತಿತ್ತು, ಆದರೆ ಚರ್ಮಕ್ಕೆ ಏನೂ ತಿಳಿಯುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ಅಂಗಳದಲ್ಲಿ ಕುಳಿತಿದ್ದಾಗ ಕಚ್ಚಿತು. ನಾನು ಕಿರುಚಿದ್ದಕ್ಕೆ ರೇಣಮ್ಮ ಒಲೆಯ ಮುಂದಿನಿಂದ ಓಡಿಬಂದು ಇರುವೆಯನ್ನು ಒರೆಸಲು ಹೋದಳು. ಬಿಡು, ಇನ್ನೊಂದು ಸಲ ಕಚ್ಚಲಿ ಎಂದು ಅವಳ ಕೈ ಹಿಡಿದೆ. ಕಚ್ಚಿತು. ಇಬ್ಬರೂ ನೆಲದ ಮೇಲೆ ಕುಳಿತು ಒಂದು ಇರುವೆಯನ್ನು ನೋಡಿ ನಕ್ಕದ್ದನ್ನು ನೆರೆಯ ದೇವಕಮ್ಮ ಗೋಡೆಯ ಮೇಲಿನಿಂದ ನೋಡಿ, ನಮಗೆ ದೃಷ್ಟಿ ತೆಗೆಯಬೇಕೆಂದು ಉಪ್ಪು ಮೆಣಸಿನಕಾಯಿ ತಂದಳು. ಇರುವೆಗೆ ಸಕ್ಕರೆ ಹಾಕಿದೆ.

ತಿಂದ ಕೀಲು ಮರಳಿ ಬರುವುದಿಲ್ಲ, ರೋಗವೂ ಬಿಟ್ಟುಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಪಟ್ಟಿ ಕಟ್ಟಿಕೊಳ್ಳಬೇಕು, ಗುಳಿಗೆ ನುಂಗಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಬೆಳಿಗ್ಗೆ ಈಗಲೂ ತೊಲೆಯೇ. ಆದರೆ ಇರುವೆ ಕಚ್ಚಿದರೆ ತಿಳಿಯುವ ತೊಲೆ.

೨೫ ನವೆಂಬರ್, ಆದಿತ್ಯವಾರ

ಇಂದು ನಾನು ದೊಡ್ಡ ಮನುಷ್ಯನಾದೆ. ದೀಪಾವಳಿ ಕಳೆಯಿತು, ವ್ರತ ಮುಗಿದಿರಬೇಕೆಂದು ಕಟ್ಟೆಯ ತುಂಬ ಜನ. ಗುರಪ್ಪ ತನ್ನ ಅಳಿಯನನ್ನೂ ಕರೆತಂದಿದ್ದ, ಮೈಮೇಲೆ ಬೀಳಿಸಲು. ಸರದಾರಸಾಬನೂ ಸಾಲಿನಲ್ಲಿದ್ದ. ನಾನು ಪಟ್ಟಿ ಕಟ್ಟಿಕೊಂಡು, ಕೋಲು ಹಿಡಿದು, ಹೊಸ್ತಿಲಲ್ಲಿ ನಿಂತು ಭಾಷಣ ಮಾಡಿದೆ. ನನ್ನ ಟೊಂಕವೇ ಹಿಡಿದಿತ್ತೆಂದು ಊರ ಮುಂದೆ ಹೇಳಿದೆ. ಕೀಲು, ಮಣಿ, ನರ, ಎಲ್ಲವನ್ನೂ ವಿವರಿಸಿದೆ. ಬೆರಳು ಬಾತವರು, ಬೆಳಿಗ್ಗೆ ಬಿಗಿದುಕೊಂಡು ಏಳುವವರು, ಪಾದ ಜೋಮು ಹಿಡಿದವರು ಯಾರ ಕಾಲಿನ ಕೆಳಗೂ ಮಲಗಬೇಡಿ, ಡಾಕ್ಟರ ಬಳಿ ಹೋಗಿ ಎಂದೆ. ಸಂದಣಿಯಲ್ಲಿದ್ದ ಒಬ್ಬ ಹೆಂಗಸು ತನ್ನ ಕೈಗಳನ್ನು ಸೆರಗಿನೊಳಗಿಂದ ತೆಗೆದು ನೋಡಿಕೊಂಡಳು. ಅವಳಿಗೆ ಡಾಕ್ಟರ ವಿಳಾಸವನ್ನು ಎರಡು ಸಲ ಹೇಳಿದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಭಾಷಣದ ಹುರುಪು ನಾಲಿಗೆಗೆ ಏರಿತ್ತು. ಕಾಲಿನಲ್ಲಿ ಶಕ್ತಿಯಿದ್ದರೆ ನಾನೇಕೆ ಸುಣ್ಣದಲ್ಲಿ ಮಲಗುತ್ತಿದ್ದೆ, ನನ್ನ ಹೆಂಡತಿಯೂ ಕಾಲು ಮುಂದಾಗಿಯೇ ಹುಟ್ಟಿದವಳು ಎಂದುಬಿಟ್ಟೆ.

ಎಲ್ಲರ ತಲೆಗಳೂ ಒಟ್ಟಿಗೆ ರೇಣಮ್ಮನ ಪಾದಗಳ ಕಡೆ ತಿರುಗಿದವು. ಅವಳು ಸೀರೆಯ ನಿರಿಗೆ ಕೆಳಗೆ ಎಳೆದುಕೊಂಡಳು. ಗುರಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ: "ಮತ್ತ ಅಮ್ಮಾರು ನಿಮಗ ಕಾಲು ಹಚ್ಚಿಲ್ಲೇನ್ರಿ?"

"ಇಲ್ಲ. ನನ್ನ ಬೆನ್ನಿಗೆ ಹತ್ತಿದ್ದು ಔಷಧ ಒಂದೇ. ಇವತ್ತಿನ ತನಕ ಯಾವ ಕಾಲೂ ಮುಟ್ಟಿಲ್ಲ," ಎಂದು ಎದೆ ತಟ್ಟಿ ಹೇಳಿದೆ. ರೇಣಮ್ಮ ತಟ್ಟನೆ ಒಳಗೆ ಹೋದಳು. ಗಂಡನ ಧೈರ್ಯ ನೋಡಿ ಕಣ್ಣು ತುಂಬಿರಬೇಕು ಎಂದು ಜನ ತಿಳಿದರು. ಒಳಗಿನಿಂದ ಅವಳು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದದ್ದು ನನಗೊಬ್ಬನಿಗೇ ಕೇಳಿಸಿತು. ಜನ ಒಪ್ಪಿದರು, ಎದ್ದರು, ಹೋದರು. ಸುರಪುರದಲ್ಲಿ ತನ್ನ ಅಂಗಡಿಯನ್ನು ತಾನೇ ಮುಚ್ಚಿದ, ವಿಜ್ಞಾನಕ್ಕೆ ಬೆನ್ನು ಕೊಟ್ಟು ನಿಂತ ಮೊದಲ ಮನುಷ್ಯ ನಾನು.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಉಳಿದದ್ದನ್ನೂ ಬರೆದುಬಿಡುತ್ತೇನೆ. ಕವಚ ಬಿಚ್ಚಿಸಿಕೊಂಡು ಯಾದಗಿರಿಯಿಂದ ಬಂದ ಸಂಜೆ, ನಾನು ಚಾಪೆಯ ಮೇಲೆ ಬೋರಲು ಮಲಗಿ ಅವಳ ಮುಂದೆ ಕೈ ಮುಗಿದಿದ್ದೆ. ಬೇಡ ಎಂದಳು. ಬಿ.ಎ. ಓದಿದವನು ಅತ್ತೆ. ಕೊನೆಗೆ ಅವಳು ಕದ ಹಾಕಿ, ದೇವರ ಜಗಲಿಗೆ ತಪ್ಪಾಯಿತು ಎಂದು ಹೇಳಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳನ್ನು ನನ್ನ ಟೊಂಕಕ್ಕೆ ಬಿಸಿ ಹಂಚು ಮುಟ್ಟಿದಷ್ಟೇ ಮುಟ್ಟಿಸಿದಳು. ಮಾರನೆಯ ಬೆಳಿಗ್ಗೆಯೇ ಇರುವೆ ಕಚ್ಚಿದ್ದು.

ಮತ್ತು ಇಂದು, ಭಾಷಣ ಮುಗಿಸಿ, ಕೊನೆಯವನು ಕಟ್ಟೆ ಇಳಿದ ಮೇಲೆ, ಒಳಗೆ ಬಂದು ನಾನೇ ಕದ ಹಾಕಿದೆ. ಚಾಪೆಯನ್ನೂ ನಾನೇ ಹಾಸಿದೆ.